ಜರ್ಮನ್ ಮೇಷ್ಟ್ರ ಡ್ರಾಯರ್

ಹರಿಹರದ ಜರ್ಮನ್ ಮೇಷ್ಟ್ರು ತೀರಿಕೊಂಡ ಮೂರನೆಯ ದಿನ ಅವರ ಹಳೆಯ ಶಿಷ್ಯನೊಬ್ಬ ನನಗೆ ಫೋನ್ ಮಾಡಿದ. ಅವರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರಂತೆ, ನಾನೂ ಎರಡು ಪುಟ ಬರೆಯಬೇಕಂತೆ.

"ಅಂಕಲ್, ನಿಮ್ಮ ಮಗಳೂ ಅವ್ರ ಹತ್ರಾನೇ ಕಲ್ತಿದ್ಲಲ್ಲ. ಏನಾದ್ರೂ ಒಳ್ಳೇ ನೆನಪಿದ್ರೆ ಬರೀರಿ" ಎಂದ.

"ಒಳ್ಳೇದು ಇಲ್ದಿದ್ರೆ?" ಎಂದೆ.

ಹುಡುಗ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಆ ಮನುಷ್ಯನ ಬಗ್ಗೆ ನನ್ನ ಹತ್ತಿರ ತಮಾಷೆ ಏನೂ ಇಲ್ಲ. ಬೇರೆಯವರು ಹೂವಿನ ಹಾರ ಹಾಕಿ ಬರೆಯಲಿ, ಅವರಿಗೆ ಆದದ್ದು ಅವರು ಬರೆಯುತ್ತಾರೆ. ನನಗೆ ಆದದ್ದು ನಾನು ಬರೆಯುತ್ತೇನೆ. ಪುಸ್ತಕದಲ್ಲಿ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಮಕ್ಕಳನ್ನು ಯುರೋಪಿಗೆ ಓದಲು ಕಳಿಸಬೇಕೆಂದಿರುವ ತಂದೆತಾಯಿಗಳು ಓದಿದರೆ ಅವರಿಗಂತೂ ಲಾಭವಿದೆ.

ನಾನು ಹದಡಿಯವನು. ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು, ಬೇರೆಯವರ ಅಂಗಡಿಯಲ್ಲಿ ದುಡಿದು, ಆಮೇಲೆ ನಿಟ್ಟುವಳ್ಳಿಯಲ್ಲಿ ನನ್ನದೇ ಪಂಪ್‌ಸೆಟ್ ಅಂಗಡಿ ಇಟ್ಟೆ. ಓದಿದ್ದು ಕಡಿಮೆ. ಆದರೆ ಎದುರು ಕೂತವನು ಎಲ್ಲಿ ಬಗ್ಗುತ್ತಾನೆ ಎಂದು ಎರಡು ಮಾತಿನಲ್ಲಿ ಗೊತ್ತು ಮಾಡಿಕೊಳ್ಳಬಲ್ಲೆ. ಕಂಪನಿಯ ಸೇಲ್ಸ್ ಮ್ಯಾನೇಜರುಗಳು ಬಗ್ಗಿದ್ದಾರೆ, ಬ್ಯಾಂಕಿನವರು ಬಗ್ಗಿದ್ದಾರೆ. ಬಗ್ಗದವರು ಇವರೊಬ್ಬರೇ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಹರಿಹರದ ಯಾವುದೋ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಅಲ್ಲಿಗೆ ಬಂದ ಯಂತ್ರಗಳ ಜೊತೆ ಜರ್ಮನ್ ಭಾಷೆಯ ದಪ್ಪ ಪುಸ್ತಕಗಳು ಬರುತ್ತಿದ್ದವಂತೆ. ಅವನ್ನು ಓದಲು ಕಲಿತು, ಆಮೇಲೆ ಅಂಚೆಯಲ್ಲಿ ಪಾಠ ತರಿಸಿಕೊಂಡು, ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವರು. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಪಾಠ ಶುರು ಮಾಡಿದರು. ಆ ದೇಶಕ್ಕೆ ಒಮ್ಮೆಯೂ ಕಾಲಿಟ್ಟವರಲ್ಲ. ಇದನ್ನು ಅವಮಾನ ಮಾಡಲು ಹೇಳುತ್ತಿಲ್ಲ, ನಾನೂ ನಾನು ಮಾರುವ ಪಂಪು ತಯಾರಾಗುವ ಊರು ನೋಡಿಲ್ಲ. ಆದರೆ ನಾನು ಆ ಊರಿನ ಪೊಲೀಸನ ಹಾಗೆ ಮಾತಾಡುವುದಿಲ್ಲ. ಇವರು ಮಾತಾಡುತ್ತಿದ್ದರು.

ಕೋಣೆಯಲ್ಲಿ ಚಾಪೆ, ಒಂದು ಬೆಂಚು, ಕಾರ್ಖಾನೆಯ ಹರಾಜಿನಲ್ಲಿ ತಂದ ಹಸಿರು ಬಣ್ಣದ ಕಬ್ಬಿಣದ ಮೇಜು. ಮೇಜಿಗೊಂದು ಡ್ರಾಯರ್, ಡ್ರಾಯರಿಗೆ ಬೀಗ, ಬೀಗದ ಕೈ ಅವರ ಜನಿವಾರದಲ್ಲೋ ಶಿವದಾರದಲ್ಲೋ ಎಂದು ಹುಡುಗರು ಪಣ ಕಟ್ಟುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಅವರ ಕೈಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಂಡಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡು ಓದುತ್ತಿದ್ದರು, ದೂರ ನೋಡುವಾಗ ಕೆಳಗಿಳಿಸುತ್ತಿದ್ದರು. ಮಕ್ಕಳು ಹೊರಡುವ ಮೊದಲು ವೀಸಾ ಅರ್ಜಿಯ ಫೈಲನ್ನು ಇವರಿಗೆ ತೋರಿಸಲೇಬೇಕು. ಹಾಗಂತ ಯಾವ ಸರ್ಕಾರವೂ ಹೇಳಿರಲಿಲ್ಲ, ಇವರೇ ಮಾಡಿಕೊಂಡ ಕಾನೂನು. ಫೈಲು ಕೈಗೆ ಬಂದ ಕೂಡಲೇ ತೆರೆಯುತ್ತಿರಲಿಲ್ಲ, ಮೂಗಿಗೆ ಹಿಡಿದು ಮೂಸುತ್ತಿದ್ದರು. "ಇದನ್ನ ಜೆರಾಕ್ಸ್ ಅಂಗಡ್ಯಾಗ ಜೋಡ್ಸೀಯ. ಇಂಕ್ ಇನ್ನೂ ಬಿಸಿ ಐತೆ" ಎಂದು ವಾಪಸ್ ಎಸೆಯುತ್ತಿದ್ದರು. ಒಂದು ತಿಂಗಳು ಮೊದಲೇ ಜೋಡಿಸಿದ ಫೈಲಿಗೆ ಮನೆಯ ವಾಸನೆ ಬರುತ್ತದಂತೆ.

ಮಗಳು ಚೈತ್ರಳನ್ನು ಸೇರಿಸಲು ಹೋದ ದಿನ ನಾನು ನನ್ನ ರೂಢಿಯಂತೆ ಶುರು ಮಾಡಿದೆ.

"ಸಾರ್, ನಮ್ಮ ಕಡೆಯಿಂದ ಇನ್ನೂ ಇಬ್ಬರು ಹುಡುಗ್ರನ್ನ ಕಳಿಸ್ತೀನಿ. ಫೀಸು ಸ್ವಲ್ಪ ನೋಡಿ ಹೇಳ್ರಿ."

ಅವರು ಕನ್ನಡಕ ಕೆಳಗಿಳಿಸಿದರು. "ನೀ ಏನ್ ವ್ಯಾಪಾರ?"

"ಮೋಟಾರು, ಪಂಪು ಸಾರ್."

"ಹಂಗಾದ್ರೆ ಇಲ್ಲಿ ನೀರು ಬರಲ್ಲ. ಮಗಳನ್ನ ಬಿಟ್ಟು ನೀ ಹೊರಗ್ ಕೂಡ್ರು."

ನನಗಿಂತ ಹಿರಿಯರು, ಆದರೂ ಮೊದಲ ಭೇಟಿಯಲ್ಲೇ ಏಕವಚನ. ಆ ದಿನದಿಂದ ನನ್ನ ಹೆಸರು 'ಮೋಟಾರು'. ಹೊರಗಿನ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿದ್ದೆ. ಒಳಗೆ ಅವರು ಸಾಸರಿಗೆ ಚಹಾ ಸುರಿದುಕೊಂಡು ಕುಡಿಯುವ ಸದ್ದು ಕೇಳುತ್ತಿತ್ತು. ಆರು ತಿಂಗಳು ಮಗಳನ್ನು ಬಿಡಲು ಕರೆತರಲು ಹೋಗಿದ್ದೇನೆ, ಒಂದು ಲೋಟ ನೀರು ಕೊಟ್ಟ ನೆನಪಿಲ್ಲ.

ಚೈತ್ರಳಿಗೆ ಓದಬೇಕಾಗಿದ್ದು ಅಂತರ್ಜಲದ ವಿಷಯ. ಚಿಕ್ಕಂದಿನಿಂದ ನನ್ನ ಜೊತೆ ಬೋರ್‌ವೆಲ್ ಹತ್ತಿರ ನಿಂತು, ಪೈಪು ಇಳಿಯುವುದನ್ನು ನೋಡಿ ಬೆಳೆದವಳು. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಆ ವಿಷಯವನ್ನೇ ಹಿಡಿದ ಒಬ್ಬ ಪ್ರೊಫೆಸರ್ ಇದ್ದಾರೆ, ಅವರ ಹತ್ತಿರವೇ ಓದಬೇಕು ಎಂದು ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದಳು. ಅರ್ಜಿಯ ಜೊತೆ, ಯಾಕೆ ಓದಬೇಕೆಂದಿದ್ದೀರಿ ಎಂಬ ಒಂದು ಪತ್ರ ಬರೆಯಬೇಕು. ದಾವಣಗೆರೆಯ ಏಜೆಂಟನೊಬ್ಬ ಕೊಟ್ಟ ಮಾದರಿ ಇಟ್ಟುಕೊಂಡು ಚೆನ್ನಾಗಿಯೇ ಬರೆದಿದ್ದಳು. ಮೇಷ್ಟ್ರು ಅದನ್ನು ನಾಲ್ಕು ಸಲ ಹರಿದರು. ಐದನೆಯ ಸಲ ಅವರು ಹೇಳಿ ಬರೆಸಿದ್ದನ್ನು ಮಗಳು ಮನೆಗೆ ತಂದು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಹದಡಿಯಲ್ಲಿ ಅಜ್ಜನ ಬಾವಿ ಇತ್ತು, ಮಗ್ಗುಲ ಹೊಲದವರಿಗೆ ಅಪ್ಪ ದೊಡ್ಡ ಪಂಪು ಮಾರಿದರು, ಅಜ್ಜನ ಬಾವಿ ಬತ್ತಿತು, ಆಮೇಲೆ ಅಪ್ಪ ಅಜ್ಜನಿಗೂ ಒಂದು ಪಂಪು ತಂದರು. ಇಷ್ಟೇ ವಿಷಯ.

ನಾನು ಸ್ಕೂಟರ್ ಹತ್ತಿ ನೇರ ಹರಿಹರಕ್ಕೆ ಹೋದೆ. "ಏನ್ರಿ ಸಾರ್ ಇದು? ನನ್ನ ಮಗಳ ಕೈಲೇ ನನ್ನ ಮಾನ ಕಳೀತೀರಲ್ಲ?"

"ಸುಳ್ಳು ಐತೇನು?"

"ಸುಳ್ಳಲ್ಲ. ಆದ್ರೆ..."

"ಹಂಗಾದ್ರೆ ಹೊರಗ್ ಕೂಡ್ರು."

ಆ ಪತ್ರಕ್ಕೇ ಸೀಟು ಸಿಕ್ಕಿತು. ಆ ಪ್ರೊಫೆಸರೇ ಎರಡು ಸಾಲು ಬರೆದು ಬಾ ಎಂದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಲೆಕ್ಕ ಸರಿಯಾಗಿ ಹೇಳಿದರೇ ಮುಂದಿನ ಮಾತಿಗೆ ತೂಕ ಬರುವುದು.

ಈಗ ಮುಂದಿನ ಮಾತು. ಅಕ್ಟೋಬರಿಗೆ ಕ್ಲಾಸು ಶುರು. ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ವೀಸಾಕ್ಕೆ ದಿನ ಸಿಗುವುದೇ ಕಷ್ಟ. ಚೈತ್ರ ವಾರಗಟ್ಟಲೆ ಮೊಬೈಲು ಹಿಡಿದು ಕೂತು ಒಂದು ಸೋಮವಾರ ಹಿಡಿದಿದ್ದಳು. ಅದು ತಪ್ಪಿದರೆ ಮತ್ತೆ ಸಿಗುವ ಹೊತ್ತಿಗೆ ಸೀಟು ಇರುವುದಿಲ್ಲ. ಹಿಂದಿನ ವಾರ ಅಮಾವಾಸ್ಯೆ ಬಂತು. ನಮ್ಮ ಅಂಗಡಿಯಲ್ಲಿ ಪ್ರತಿ ಅಮಾವಾಸ್ಯೆಗೆ ಪೂಜೆ. ಹೊಸ ಮೋಟಾರಿಗೆ, ತಕ್ಕಡಿಗೆ, ಬಿಲ್ ಪುಸ್ತಕಕ್ಕೆ, ಎಲ್ಲದಕ್ಕೂ ವಿಭೂತಿ, ಕುಂಕುಮ. ಮಗಳ ಪಾಸ್‌ಪೋರ್ಟನ್ನೂ ಇಟ್ಟೆ. ಮುಚ್ಚಿದ ಪುಸ್ತಕಕ್ಕೆ ಹಚ್ಚಿದರೆ ಏನು ಬಂತು ಎಂದು ತೆರೆದು ಅವಳ ಫೋಟೋದ ಮಗ್ಗುಲಿಗೇ ಬೆರಳಿಟ್ಟೆ. ಹಚ್ಚಿದ್ದು ನಾನೇ, ಬೇರೆ ಯಾರೂ ಅಲ್ಲ. ಅದರ ಮೇಲೆ ಕಾಯಿ ಒಡೆದ ನೀರು ಬಿತ್ತು. ಸಂಜೆ ನೋಡಿದರೆ ಫೋಟೋ ಪುಟದ ಅಂಚಿನಲ್ಲಿ ಕೆಂಪು ಹರಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಅಂಗಡಿಯಲ್ಲಿ ವಾರ್ನಿಷ್ ಬಿಡಿಸುವ ಥಿನ್ನರ್ ಇರುತ್ತದೆ. ಹತ್ತಿಗೆ ಹಚ್ಚಿ ಉಜ್ಜಿದೆ. ಕೆಂಪು ಅರ್ಧ ಹೋಯಿತು, ಪ್ಲಾಸ್ಟಿಕ್ಕಿನ ಮೂಲೆ ಎದ್ದಿತು. ಅಂಟು ಹಾಕಿ ಕೂರಿಸಿದೆ.

ಶುಕ್ರವಾರ ಕೊನೆಯ ಬಾರಿ ಫೈಲು ತೋರಿಸಲು ಹೋದೆವು. ಹದಿನೈದು ಹುಡುಗ ಹುಡುಗಿಯರು ಚಾಪೆಯ ಮೇಲಿದ್ದರು. ಮೇಷ್ಟ್ರು ಪಾಸ್‌ಪೋರ್ಟ್ ಮೂಸಿದರು. ಇನ್ನೊಮ್ಮೆ ಮೂಸಿದರು. ತೆರೆದು, ಕನ್ನಡಕ ಹಣೆಗೇರಿಸಿ, ಆ ಪುಟವನ್ನು ಮೂಗಿನ ಹತ್ತಿರ ಹಿಡಿದರು.

"ಏ ಮೋಟಾರು, ಒಳಗ್ ಬಾ. ಇದೇನು ಪಾಸ್‌ಪೋರ್ಟೋ, ಲಗ್ನಪತ್ರಿಕೀನೋ?"

ಕೋಣೆ ಘೊಳ್ಳೆಂದಿತು. ಚೈತ್ರ ತಲೆ ತಗ್ಗಿಸಿದಳು.

"ಸ್ವಲ್ಪ ಐತೆ ಸಾರ್, ನಡೀತದೆ. ಕೌಂಟರಿನಾಗ ನಾನು ಮಾತಾಡ್ತೀನಿ."

"ಏನ್ ಮಾತಾಡ್ತೀ? ಇನ್ನಿಬ್ಬರನ್ನ ಕಳಿಸ್ತೀನಿ ಅಂತೀಯ? ಕೆಟ್ಟ ಪಾಸ್‌ಪೋರ್ಟು ಹಿಡ್ಕೊಂಡು ಹೋಗಿ ಬೇಡ ಅನ್ನಿಸ್ಕೊಂಡ್ರೆ ಮುಂದಿನ ಅರ್ಜಿಗೂ ಅದು ಹಿಂದಿಂದೇ ಬರ್ತದ. ಮೊದ್ಲು ಹೊಸಾದು ಮಾಡ್ಸು."

"ಹೊಸಾದು ಮಾಡ್ಸೋ ಹೊತ್ತಿಗೆ ಸೀಟ್ ಹೋಗ್ತದ್ರಿ ಸಾರ್."

"ಹೋದ್ರೆ ಹೋಗ್ಲಿ."

ಹಾಗೆಂದವರು ಪಾಸ್‌ಪೋರ್ಟನ್ನು ಡ್ರಾಯರಿಗೆ ಹಾಕಿ, ಬೀಗ ತಿರುಗಿಸಿ, ಬೀಗದ ಕೈಯನ್ನು ಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಂಡರು.

ನಾನು ಮೊದಲು ನಕ್ಕೆ. ಆಮೇಲೆ ಕೈ ಮುಗಿದೆ. ಆಮೇಲೆ ಕೂಗಾಡಿದೆ. ಶನಿವಾರ ಹೋದೆ, ಭಾನುವಾರ ಎರಡು ಸಲ ಹೋದೆ. ಪೊಲೀಸರಿಗೆ ಹೇಳುತ್ತೇನೆ ಎಂದೆ. "ಕರ್ಕೊಂಡ್ ಬಾ. ಸರ್ಕಾರದ ಪುಸ್ತಕಕ್ಕೆ ಥಿನ್ನರ್ ಉಜ್ಜಿದವ್ನು ಯಾರು ಅಂತ ಅವ್ರಿಗೂ ತೋರಿಸ್ತೀನಿ" ಎಂದರು. ವಾಸನೆಯಲ್ಲೇ ಥಿನ್ನರ್ ಎಂದು ಹಿಡಿದಿದ್ದರು. ಜೀವನದಲ್ಲಿ ಎದುರಿನವನ ಕೈಯಲ್ಲಿ ನನ್ನ ಜುಟ್ಟು ಸಿಕ್ಕಿದ್ದು ಅದೊಂದೇ ಸಲ. ಸೋಮವಾರ ಬೆಂಗಳೂರಿನಲ್ಲಿ ನಮ್ಮ ಹೊತ್ತು ಬಂದು ಹೋಯಿತು. ಚೈತ್ರ ಬೆಳಿಗ್ಗೆಯಿಂದ ಮೊಬೈಲಿನಲ್ಲಿ ಗಂಟೆ ನೋಡುತ್ತಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಹನ್ನೊಂದೂವರೆಗೆ ಎದ್ದು, "ಅಪ್ಪಾ, ಬಿಡು. ಸಾರ್ ಹೇಳಿದ್ರೆ ಸರಿ ಇರ್ತದೆ" ಎಂದಳು. ನನಗೆ ಆ ಮಾತು ಬೀಗಕ್ಕಿಂತ ಜಾಸ್ತಿ ಚುಚ್ಚಿತು.

ಮಂಗಳವಾರ ಡ್ರಾಯರ್ ತೆರೆದು ಕೊಟ್ಟರು. ಜೊತೆಗೆ ಹೊಸ ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು ಎಂದು ಕೆಂಪು ನೀಲಿ ಪೆನ್ಸಿಲಿನಲ್ಲಿ ಬರೆದ ಚೀಟಿ. ಚೀಟಿ ಸರಿಯಾಗಿಯೇ ಇತ್ತು. ಪಾಸ್‌ಪೋರ್ಟ್ ಬಂತು. ಸೀಟು ಹೋಯಿತು. ಕಾಯಲು ಆಗುವುದಿಲ್ಲ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದು ಅಲ್ಲಿಂದ ಉತ್ತರ ಬಂತು.

ಇಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆನೇನೋ. ಥಿನ್ನರ್ ಹಚ್ಚಿದ್ದು ನಾನು, ಅನುಭವಿಸಬೇಕಾದದ್ದೇ ಎಂದುಕೊಳ್ಳುತ್ತಿದ್ದೆ. ಆದರೆ ಬಾತಿಯ ಮಂಜು ಎಂಬ ಹುಡುಗ ಇದ್ದ. ಮೇಷ್ಟ್ರ ಜೊತೆ ಜಗಳವಾಡಿ ಕ್ಲಾಸು ಬಿಟ್ಟಿದ್ದವನು. ಅದೇ ತಿಂಗಳು ಅವನೂ ಬೆಂಗಳೂರಿಗೆ ಹೋಗಿದ್ದ. ಅವನ ತಾಯಿಯೂ ಪಾಸ್‌ಪೋರ್ಟಿಗೆ ಕುಂಕುಮ ಹಚ್ಚಿದ್ದಳು. ನಮ್ಮ ಕಡೆ ಹಚ್ಚದೆ ಯಾರು ಬಿಡುತ್ತಾರೆ? ಕೌಂಟರಿನ ಹೆಣ್ಣುಮಗಳು ಕಲೆ ನೋಡಿದಳಂತೆ, ಪುಟ ತಿರುವಿದಳಂತೆ, ತೆಗೆದುಕೊಂಡಳಂತೆ. ಅವನಿಗೆ ವೀಸಾ ಬಂತು. ಹೋದ.

ಹರಿಹರಕ್ಕೆ ಹೋಗಿ ಕೇಳಿದೆ. "ಮಂಜಂದು ನಡೀತಲ್ಲ ಸಾರ್. ನಮ್ದು ಯಾಕ ನಡೀತಿರಲಿಲ್ಲ?"

"ಅವ್ನದ್ದು ಹಿಂದಿನ ಪುಟದಾಗ. ನಿಂದು ಫೋಟೋ ಪುಟದ ಮ್ಯಾಲೆ, ಪ್ಲಾಸ್ಟಿಕ್ ಬೇರೆ ಎದ್ದಿತ್ತು."

"ಇರಬಹುದು. ಆದ್ರೆ ಬ್ಯಾಡ ಅನ್ನಬೇಕಾದವ್ರು ಕೌಂಟರಿನವ್ರು. ನೀವ್ಯಾರು ಸಾರ್ ಅನ್ನಾಕ? ಒಂದ್ ಮಾತು, ದುಡುಕಿದೆ ಅಂತ ಅನ್ರಿ. ಸಾಕು. ನಾನು ಎದ್ದು ಹೋಗ್ತೀನಿ."

ಎಷ್ಟೋ ವ್ಯಾಪಾರದಲ್ಲಿ ಎಷ್ಟೋ ಬಿಟ್ಟುಕೊಟ್ಟಿದ್ದೇನೆ. ಇಷ್ಟು ಕಡಿಮೆಗೆ ಯಾರನ್ನೂ ಕೇಳಿದವನಲ್ಲ. ಅವರು ಸಾಸರಿನ ಚಹಾ ಮುಗಿಸಿದರು. "ದಾರಿ ಬಿಡು, ಹುಡುಗ್ರು ಬಂದಾರೆ" ಎಂದರು.

ಸಾಲದ್ದಕ್ಕೆ ನಮ್ಮನ್ನು ಪಾಠ ಮಾಡಿಕೊಂಡರು. ಒಂದು ದಿನ ಪಂಪು ಕೊಳ್ಳಲು ಬಂದ ಗಿರಾಕಿಯ ಮಗ ಅಂಗಡಿಯ ಬೋರ್ಡು ನೋಡಿ, "ಪಾಸ್‌ಪೋರ್ಟಿಗೆ ಥಿನ್ನರ್ ಹಚ್ಚಿದ್ದ ಮೋಟಾರಿನವ್ರು ನೀವೇನಾ ಅಂಕಲ್?" ಎಂದು ಕೇಳಿದ. ಪ್ರತಿ ಬ್ಯಾಚಿಗೆ ಮೊದಲ ದಿನ ಮೇಷ್ಟ್ರು ಹೇಳುವ ಕತೆಯಂತೆ ಅದು. ಮಂಜುವಿನ ಕತೆಯನ್ನೂ ಹೇಳುತ್ತಾರೇನಪ್ಪ ಎಂದು ಕೇಳಿದೆ. ಯಾವ ಮಂಜು ಎಂದ.

ಮರುವರ್ಷ ಚೈತ್ರ ಮತ್ತೆ ಅರ್ಜಿ ಹಾಕಿದಳು. ಆ ಪ್ರೊಫೆಸರ್ ಅಷ್ಟರಲ್ಲಿ ಬೇರೆಡೆ ಹೋಗಿದ್ದರು, ಅವಳಿಗೆ ಅಲ್ಲಿ ಸಿಗಲಿಲ್ಲ. ಬೇರೊಂದು ಊರಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಓದಿಗೆ ಸಿಕ್ಕಿತು. ಈ ಸಲ ನಾನು ಫೈಲನ್ನು ಹರಿಹರದ ದಿಕ್ಕಿಗೂ ತೋರಿಸಲಿಲ್ಲ. ವೀಸಾ ಬಂತು, ಹೋದಳು. ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ನಗುನಗುತ್ತಲೇ ಮಾತಾಡುತ್ತಾಳೆ. ನೆಲದೊಳಗಿನ ನೀರು ಓದಬೇಕೆಂದಿದ್ದವಳು ಚರಂಡಿಯ ನೀರು ಓದುತ್ತಿದ್ದಾಳೆ. ಗೋಡೆಯ ಮೇಲಿನ ಚೀಟಿಯನ್ನು ಹೋಗುವ ಮೊದಲು ಅವಳೇ ಕಿತ್ತಳು. ಅಂಟಿನ ಗುರುತು ಇದೆ. ಮೇಷ್ಟ್ರು ಹೋದ ಸುದ್ದಿ ಕೇಳಿ ಫೋನಿನಲ್ಲಿ ಅತ್ತಳು. ಅಳಲಿ, ಅವಳಿಗೆ ಪಾಠ ಹೇಳಿದವರು. ನಾನು ಅಳಲಿಲ್ಲ.

ಸಾವಿನ ಮನೆಗೆ ಹೋಗಿ ಬರ್ರಿ ಎಂದು ಹೆಂಡತಿ ನಾಲ್ಕು ಸಲ ಹೇಳಿದ ಮೇಲೆ ಹನ್ನೆರಡನೆಯ ದಿನ ಹೋದೆ. ಮೇಷ್ಟ್ರ ಹೆಂಡತಿಯನ್ನು ನಾನು ಬಾಗಿಲ ಸಂದಿಯಲ್ಲಿ ಬಿಟ್ಟರೆ ಸರಿಯಾಗಿ ನೋಡಿದವನೇ ಅಲ್ಲ. ಅವರೇ ಮೊದಲು ನೀರು ಕೊಟ್ಟರು.

"ನೀವು ಮೋಟಾರಿನವ್ರಲ್ಲೇನ್ರಿ? ಒಂದು ಉಪಕಾರ ಆಗ್ಬೇಕಿತ್ತು. ಈ ಡ್ರಾಯರಿನ ಬೀಗದ ಕೈ ಆಸ್ಪತ್ರ್ಯಾಗ ಗಡಿಯಾರದ ಜೊತೀಗೆ ಕಳದೈತೆ. ತೆಗಿಯಾಕ ಬರ್ತದೇನು ನೋಡ್ರಿ."

ನನ್ನ ಸ್ಕೂಟರಿನಲ್ಲಿ ಸ್ಕ್ರೂಡ್ರೈವರ್ ಇಲ್ಲದ ದಿನವಿಲ್ಲ. ಎರಡು ಏಟಿಗೆ ಬೀಗ ಬಂತು. ಇಷ್ಟು ಸಡಿಲ ಬೀಗ ಎಂದು ಆ ಭಾನುವಾರವೇ ಗೊತ್ತಿದ್ದರೆ ಎಂದುಕೊಂಡೆ.

ಒಳಗೆ ಕೆಂಪು ನೀಲಿ ಪೆನ್ಸಿಲುಗಳು, ಒಡೆದ ಕನ್ನಡಕ, ಮತ್ತೆ ರಬ್ಬರ್ ಬ್ಯಾಂಡ್ ಹಾಕಿದ ಮೂರು ಪಾಸ್‌ಪೋರ್ಟು. ಒಂದೊಂದಕ್ಕೂ ಒಂದೊಂದು ಚೀಟಿ. 'ಪತ್ರ ಸುಳ್ಳು.' 'ಫೋಟೋ ಸರಿ ಇಲ್ಲ.' 'ಪವಿತ್ರ, ನಿಟ್ಟುವಳ್ಳಿ. ಮಾತು ಇನ್ನೂ ತಯಾರಿಲ್ಲ.'

ಆಯಮ್ಮ ನೋಡಿ, ತಲೆಯ ಮೇಲೆ ಸೆರಗೆಳೆದುಕೊಂಡರು. "ಇವನ್ನ ಯಾರಿಗೆ ಮುಟ್ಟಿಸ್ಬೇಕೋ, ನನಗೆ ಓದಾಕ ಬರಂಗಿಲ್ಲ" ಎಂದರು. ನನಗೆ ಬರುತ್ತದೆ. ತೆಗೆದುಕೊಂಡು ಹೊರಟೆ.

ಎರಡನ್ನು ಹರಿಹರದಲ್ಲೇ ಮನೆ ಹುಡುಕಿ ಕೊಟ್ಟೆ. ಮೂರನೆಯದು ನಮ್ಮ ಅಂಗಡಿಯ ಹಿಂದಿನ ಎರಡನೆಯ ಓಣಿ. ಬಾಗಿಲು ತೆರೆದ ಹುಡುಗಿ ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅಲ್ಲೇ ಗೋಡೆಗೆ ಆತುಕೊಂಡಳು.

"ಅಂಕಲ್, ಬರೋ ಬುಧವಾರ ನನ್ನ ಡೇಟು. ಸೂತಕದ ಮನೀಗೆ ಹೋಗಿ ಪಾಸ್‌ಪೋರ್ಟ್ ಕೊಡ್ರಿ ಅಂತ ಹೆಂಗ್ ಕೇಳ್ಲಿ ಅಂತ..." ಎಂದಳು.

"ಅವ್ರಿದ್ದಿದ್ರೆ ಕೊಡ್ತಿದ್ರಾ?"

"ಗೊತ್ತಿಲ್ಲ. ನಾನಿನ್ನೂ ರೆಡಿ ಇಲ್ಲ ಅಂತಿದ್ರು."

"ರೆಡಿ ಇದೀಯೋ ಇಲ್ವೋ ಕೌಂಟರಿನವ್ರು ಹೇಳ್ಲಿ. ನೀ ಹೋಗು" ಎಂದೆ. ನಾಲ್ಕು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು.

ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಒಳಗಿನಿಂದ ಅವಳ ತಾಯಿ ಬಂದಳು. ಕಳೆದುಹೋದದ್ದು ಮನೆಗೆ ಬಂತೆಂದು ಕಣ್ಣು ತುಂಬಿಕೊಂಡಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮ. ಬೆರಳು ಅದ್ದಿ, ಮಗಳ ಕೈಯಲ್ಲಿದ್ದ ಪುಸ್ತಕದ ಕಡೆ ಚಾಚಿದಳು.

"ಏ, ಮುಟ್ಟಬ್ಯಾಡ!" ಎಂದು ಕೂಗಿದೆ. ನೋಡನೋಡುತ್ತಿದ್ದಂತೆ ಪಾಸ್‌ಪೋರ್ಟನ್ನು ಆ ಹುಡುಗಿಯ ಕೈಯಿಂದ ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಬಿಟ್ಟಿದ್ದೆ. ಪರಿಚಯವಿಲ್ಲದ ಹೆಂಗಸಿಗೆ ಏಕವಚನ ಬೇರೆ.

ಹುಡುಗಿ ನನ್ನ ಮುಖ ನೋಡಲಿಲ್ಲ. ಜೇಬು ನೋಡುತ್ತಿದ್ದಳು. ಆ ನೋಟವನ್ನು ನಾನು ಹಸಿರು ಮೇಜಿನ ಮುಂದೆ ಒಂದು ಶುಕ್ರವಾರ ಚೈತ್ರಳ ಕಣ್ಣಲ್ಲಿ ನೋಡಿದ್ದೆ.

ಗುಂಡಿ ಬಿಚ್ಚಿದೆ. ತೆಗೆದು ಅವಳ ಅಂಗೈ ಮೇಲಿಟ್ಟೆ.

"ತಪ್ಪಾಯ್ತಮ್ಮ. ನಿಂದು ಇದು, ನೀನೇ ಇಟ್ಕೋ" ಎಂದೆ. ತಾಯಿಗೆ, "ಅಕ್ಕಾರ, ಹಣೀಗೆ ಹಚ್ಚಿ ಕಳಿಸ್ರಿ. ಇದಕ್ಕ ಬ್ಯಾಡ್ರಿ. ಯಾಕಂತ ಕೇಳ್ರಿ, ಕೂತು ಹೇಳ್ತೀನಿ" ಎಂದೆ.

ತಾಯಿ ಮಗಳ ಹಣೆಗೆ ಹಚ್ಚಿದಳು. ಹುಡುಗಿ ಪಾಸ್‌ಪೋರ್ಟನ್ನು ಬ್ಯಾಗಿಗೆ ಹಾಕಿ, ಜಿಪ್ಪನ್ನು ತಾನೇ ಎಳೆದುಕೊಂಡಳು.